24 ವೋಲ್ಟ್ ಕೆರೆ ದೋಣಿ: ಫುಲ್ ಚಾರ್ಜ್ ಆದರೂ ಬ್ಯಾಟರಿ ಮಾನಿಟರ್ ಶೇ. 60 ದಾಟುತ್ತಿಲ್ಲ, ಒಳಗೆ ತೇವ ಬೇರೆ

ಕೆರೆಏರಿ

ಬೆಂಗಳೂರಿನ ಕೆರೆಯೊಂದರಲ್ಲಿ ತೇಲುವ ಕಸ, ಜೊಂಡು ಎತ್ತೋಕೆ ಬಳಸುವ 16 ಅಡಿ ಫೈಬರ್ ದೋಣಿ ಇದು. ಮೋಟಾರ್ 24 ವೋಲ್ಟ್, 80 ಪೌಂಡ್ ಥ್ರಸ್ಟ್‌ನ ಟ್ರೋಲಿಂಗ್ ಮಾದರಿ. ಪೂರ್ತಿ ಕೊಟ್ಟರೆ 56 ಆಂಪಿಯರ್ ಎಳೆಯುತ್ತೆ, ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿ ಓಡುತ್ತೆ. ಬ್ಯಾಟರಿ 12 ವೋಲ್ಟ್ 150 ಎ.ಎಚ್. (ಆಂಪಿಯರ್-ಗಂಟೆ) ಸೋಲಾರ್ ಟ್ಯೂಬ್ಯುಲರ್ (ಲೆಡ್ ಆಸಿಡ್) ಎರಡು, ಸೀರೀಸ್‌ನಲ್ಲಿ. ಚಪ್ಪರದ ಮೇಲೆ ಸೋಲಾರ್ ಪ್ಯಾನೆಲ್, ಕೆಳಗೆ ಅದರಿಂದ ಬ್ಯಾಟರಿ ಚಾರ್ಜ್ ಮಾಡೋ ಎಂಪಿಪಿಟಿ ಕಂಟ್ರೋಲರ್. ದಡಕ್ಕೆ ಬಂದ ಮೇಲೆ 20 ಆಂಪಿಯರ್ ಚಾರ್ಜರ್.

ಮೊದಲು ಇದ್ದದ್ದು ಬರೀ ವೋಲ್ಟ್‌ಮೀಟರ್. ಓಡುವಾಗ ಖಾಲಿ ಅನ್ನುತ್ತೆ, ಮೋಟಾರ್ ನಿಲ್ಲಿಸಿದರೆ ಮತ್ತೆ ತುಂಬಿದೆ ಅನ್ನುತ್ತೆ. ಅದಕ್ಕೇ ವಿಕ್ಟ್ರಾನ್ ಬಿಎಂವಿ-712 ಬ್ಯಾಟರಿ ಮಾನಿಟರ್ ಹಾಕಿಸಿದ್ದು, 500 ಆಂಪಿಯರ್ ಶಂಟ್ (ಹಾದುಹೋಗುವ ಕರೆಂಟ್ ಅಳೆಯೋ ತುಂಡು) ಸಮೇತ. ಈಗ ತೊಂದರೆ ಎರಡು. ರಾತ್ರಿಯಿಡೀ ಚಾರ್ಜ್ ಮಾಡಿ ಚಾರ್ಜರ್‌ನಲ್ಲಿ ಹಸಿರು ದೀಪ ಬಂದರೂ ಮಾನಿಟರ್ ಶೇ. 60ರ ಹತ್ತಿರ ನಿಂತಿರುತ್ತೆ, ವಾರದಿಂದ ವಾರಕ್ಕೆ ಇನ್ನೂ ಕೆಳಗೆ ಹೋಗ್ತಿದೆ. ಎರಡನೆಯದು, ಶಂಟ್ ಇಟ್ಟಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಸುತ್ತಲೂ ಸಿಲಿಕೋನ್ ಬಳಿದು ಮುಚ್ಚಿದ್ದರೂ ಒಳಗೆ ನೀರಿನ ಹನಿ ಕಟ್ಟುತ್ತೆ. ಡಿಸ್‌ಪ್ಲೇ ಗಾಜಿನ ಒಳಗೂ ಮಂಜು.

ಡಬ್ಬಿ ತೆಗೆದು ಹತ್ತಿರದಿಂದ ಮೂರು ಫೋಟೋ ಹಾಕಿದ್ದೀನಿ. ಮಾನಿಟರ್ ಕೆಟ್ಟಿದೆಯಾ, ವೈರಿಂಗ್ ತಪ್ಪಾ? ಮುಂದೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗೆ ಹೋಗುವ ಯೋಚನೆಯೂ ಇದೆ. ಆಗ ಇದೇ ಮಾನಿಟರ್ ಸಾಕಾಗುತ್ತಾ?

---

ಪೀಣ್ಯ ವೈರಿಂಗ್

ಮಾನಿಟರ್ ಚೆನ್ನಾಗಿಯೇ ಇದೆ. ಎರಡನೇ ಫೋಟೋ ನೋಡಿ: ಬ್ಯಾಟರಿ ಮೈನಸ್ ಕಂಬದ ಮೇಲೆ ಒಂದರ ಮೇಲೊಂದು ಮೂರು ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೂತಿವೆ. ದಪ್ಪದ್ದು ಶಂಟ್‌ಗೆ ಹೋಗುತ್ತದೆ. ಉಳಿದ ಎರಡರಲ್ಲಿ ಒಂದು ಚಾರ್ಜರ್‌ನದು, ಇನ್ನೊಂದು ಬಣ್ಣ ನೋಡಿದರೆ ನೀರೆತ್ತುವ ಬಿಲ್ಜ್ ಪಂಪಿನದು. ಚಾರ್ಜರ್ ಕೊಡುವ ಕರೆಂಟ್ ಶಂಟ್ ದಾಟದೆ ನೇರ ಬ್ಯಾಟರಿಗೆ ಹೋಗುತ್ತಿದೆ. ಮಾನಿಟರ್‌ಗೆ ಖರ್ಚು ಕಾಣುತ್ತದೆ, ಜಮೆ ಕಾಣುವುದಿಲ್ಲ. ಸೋಲಾರ್ ಕಂಟ್ರೋಲರ್‌ನ ಮೈನಸ್ ಮಾತ್ರ ಸರಿಯಾದ ಕಡೆ ಇರುವುದರಿಂದ ಅಷ್ಟೋ ಇಷ್ಟೋ ಜಮೆಯಾಗಿ ಶೇ. 60ರಲ್ಲಿ ನಿಂತಿದೆ. ಅದೂ ಇಲ್ಲದಿದ್ದರೆ ಸೊನ್ನೆಗೆ ಬಂದಿರುತ್ತಿತ್ತು.

ನಿಯಮ ಒಂದೇ. ಬ್ಯಾಟರಿ ಮೈನಸ್ ಕಂಬದಿಂದ ಶಂಟ್‌ನ ‘ಬ್ಯಾಟರಿ’ ಕಡೆಗೆ ಒಂದೇ ಒಂದು ಕೇಬಲ್. ಮೋಟಾರ್, ಚಾರ್ಜರ್, ಸೋಲಾರ್, ಪಂಪ್, ಹಾರ್ನ್, ದೀಪ ಎಲ್ಲದರ ಮೈನಸ್ ಶಂಟ್‌ನ ಇನ್ನೊಂದು ಕಡೆಗೆ. ಅಲ್ಲಿ ಎಂ10 ಬೋಲ್ಟ್ ಇರುವುದು ಒಂದೇ, ಅದಕ್ಕೆ ಆರು ಲಗ್ ಪೇರಿಸಬೇಡಿ. ಪಕ್ಕದಲ್ಲಿ ಒಂದು ನೆಗೆಟಿವ್ ಬಸ್‌ಬಾರ್ (ಹಲವು ವೈರ್ ಕೂಡಿಸುವ ಲೋಹದ ಪಟ್ಟಿ) ಹಾಕಿ, ಶಂಟ್‌ನಿಂದ ಬಸ್‌ಬಾರ್‌ಗೆ 35 ಚದರ ಮಿ.ಮೀ. ಕೇಬಲ್ ಎಳೆದು, ಉಳಿದದ್ದನ್ನೆಲ್ಲ ಬಸ್‌ಬಾರ್‌ಗೆ ಕೊಡಿ. ಪಂಪ್ ಯಾವಾಗಲೂ ಲೈವ್ ಇರಬೇಕು ಎಂದು ಮೈನಸ್ಸನ್ನು ನೇರ ಬ್ಯಾಟರಿಗೆ ಕೊಡುವವರಿದ್ದಾರೆ. ಅದು ಬೇಕಿಲ್ಲ. ಪಂಪಿನ ಪ್ಲಸ್ಸನ್ನು ಮೇನ್ ಸ್ವಿಚ್‌ಗಿಂತ ಮೊದಲು, ಅದರದೇ ಫ್ಯೂಸ್ ಹಾಕಿ ತೆಗೆದುಕೊಂಡರೆ ಸಾಕು. ಮೇನ್ ಸ್ವಿಚ್ ಇರಬೇಕಾದ್ದು ಪ್ಲಸ್ ಕಡೆ.

ಮಾನಿಟರ್‌ಗೆ ವಿದ್ಯುತ್ ಕೊಡುವ ಸಣ್ಣ ಕೆಂಪು ವೈರ್, 1 ಆಂಪಿಯರ್ ಫ್ಯೂಸ್ ಇರುವುದು, ಸದ್ಯ ಮೇನ್ ಸ್ವಿಚ್ಚಿನ ಆಚೆ ಸಿಕ್ಕಿಸಿದ್ದಾರೆ. ಸಂಜೆ ಸ್ವಿಚ್ ಆಫ್ ಮಾಡಿದಾಗಲೆಲ್ಲ ಮಾನಿಟರ್ ಸಾಯುತ್ತದೆ. ಅದನ್ನು ನೇರ ಬ್ಯಾಟರಿ ಪ್ಲಸ್‌ಗೆ ತನ್ನಿ, ಫ್ಯೂಸ್ ಬ್ಯಾಟರಿ ತುದಿಗೆ ಹತ್ತಿರ ಇರಲಿ. ಮಾನಿಟರ್ ಎಳೆಯುವುದು 1 ಮಿಲಿ ಆಂಪಿಯರ್‌ಗಿಂತ ಕಡಿಮೆ. ತಿಂಗಳಿಡೀ ಬಿಟ್ಟರೂ ಒಂದು ಎ.ಎಚ್. ಆಗುವುದಿಲ್ಲ.

ಬಿಗಿಯುವ ವಿಷಯ. ಮೊದಲ ಫೋಟೋದಲ್ಲಿ ಶಂಟ್‌ನ ಹಿತ್ತಾಳೆ ತುಂಡಿಗೂ ಲಗ್‌ಗೂ ನಡುವೆ ಸ್ಟೀಲ್ ವಾಷರ್ ಕೂತಿದೆ. ಇದು ಎಲ್ಲ ಕಡೆ ಕಾಣುವ ತಪ್ಪು. ತಾಮ್ರದ ಲಗ್ ಹಿತ್ತಾಳೆಗೆ ನೇರ ಕೂರಬೇಕು, ಅದರ ಮೇಲೆ ಚಪ್ಪಟೆ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ಕೊನೆಗೆ ನಟ್. ಸ್ಟೀಲ್ ನಡುವೆ ಬಂದರೆ ಕರೆಂಟ್ ಅದರೊಳಗಿಂದ ಹಾಯಬೇಕು. ಜೋಡಣೆಯಲ್ಲಿ 1 ಮಿಲಿ ಓಮ್ ಹೆಚ್ಚುವರಿ ರೋಧ ಇದ್ದರೆ 56 ಆಂಪಿಯರ್‌ಗೆ 3 ವ್ಯಾಟ್ ಶಾಖ, ಅದೂ ಆ ಒಂದೇ ಚುಕ್ಕೆಯಲ್ಲಿ. ಶಂಟ್ ತನ್ನ ಪಾಡಿಗೆ ಬಿಸಿಯಾಗುವುದು ಏನೇನೂ ಅಲ್ಲ: 500 ಆಂಪಿಯರ್‌ಗೆ 50 ಮಿಲಿವೋಲ್ಟ್ ಎಂದರೆ 0.1 ಮಿಲಿ ಓಮ್, ನಿಮ್ಮ 56 ಆಂಪಿಯರ್‌ಗೆ ಮೂರನೇ ಒಂದು ವ್ಯಾಟ್. ಶಂಟ್ ಮುಟ್ಟಿದರೆ ಬಿಸಿ ಎನ್ನುವವರ ದೋಣಿಯಲ್ಲಿ ಬಿಸಿಯಾಗಿರುವುದು ನಟ್. ಎಂ10 ನಟ್‌ಗೆ ಗರಿಷ್ಠ 21 ನ್ಯೂಟನ್ ಮೀಟರ್. ಉದ್ದ ಸ್ಪ್ಯಾನರ್ ಹಿಡಿದು ಜಗ್ಗಿದರೆ ಬೋಲ್ಟೇ ತಿರುಗಿ ಒಳಗಿನ ಸರ್ಕ್ಯೂಟ್ ಬೋರ್ಡ್ ಸೀಳಬಹುದು.

ಕೈಹಾಕಿದಾಗಲೇ ಇದನ್ನೂ ಮುಗಿಸಿ: ಮೋಟಾರಿನ ಪ್ಲಸ್‌ಗೆ ಎ.ಸಿ. ಎಂಸಿಬಿ (ಮನೆಯಲ್ಲಿ ಬಳಸುವಂಥ ಬ್ರೇಕರ್) ಹಾಕಿದ್ದಾರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಕೇಳಿದರೆ ಮೊದಲು ಕೈಗೆ ಕೊಡುವುದು ಅದನ್ನೇ. ಎ.ಸಿ.ಯಲ್ಲಿ ಕರೆಂಟ್ ಪ್ರತಿ ಅರ್ಧ ಸೈಕಲ್‌ಗೆ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿ.ಸಿ.ಯಲ್ಲಿ ಆ ಸೊನ್ನೆಯೇ ಇಲ್ಲ. ಮೋಟಾರ್‌ಗೆ 60 ಆಂಪಿಯರ್ ಡಿ.ಸಿ. ಬ್ರೇಕರ್ ಹಾಕಿ. ಅದಕ್ಕೂ ಮೊದಲು ಬ್ಯಾಟರಿ ಪ್ಲಸ್ ಕಂಬದಿಂದ ಒಂದು ಗೇಣಿನೊಳಗೆ 100 ಆಂಪಿಯರ್ ಎಎನ್‌ಎಲ್ ಫ್ಯೂಸ್ ಇರಲಿ. ಅಮೆರಿಕದ ಎಬಿವೈಸಿ ದೋಣಿ ಮಾನದಂಡ ಹೇಳುವುದು 7 ಇಂಚು.

ಇನ್ನು ಸೆಟ್ಟಿಂಗ್. ಬಿಎಂವಿ ಕೇಳುವುದು 20 ಗಂಟೆ ದರದ (ಸಿ20) ಸಾಮರ್ಥ್ಯ, ಅಂದರೆ 20 ಗಂಟೆಯಲ್ಲಿ ಖಾಲಿ ಮಾಡಿದರೆ ಸಿಗುವ ಎ.ಎಚ್. ಇಲ್ಲಿನ ಸೋಲಾರ್ ಬ್ಯಾಟರಿಗಳ ಮೇಲೆ ಬರೆದಿರುವುದು ಸಾಮಾನ್ಯವಾಗಿ ಸಿ10 (10 ಗಂಟೆ ದರ), ಇನ್ವರ್ಟರ್ ಬ್ಯಾಟರಿಗಳ ಮೇಲೆ ಸಿ20. ಸ್ಟಿಕ್ಕರ್ ನೋಡಿ. ಸಿ10ರಲ್ಲಿ 150 ಇದ್ದರೆ, ಪ್ಯೂಕರ್ಟ್ ಸಂಖ್ಯೆ (ಜಾಸ್ತಿ ಕರೆಂಟ್ ಎಳೆದಷ್ಟೂ ಸಾಮರ್ಥ್ಯ ಎಷ್ಟು ಕುಗ್ಗುತ್ತದೆ ಎಂಬ ಅಳತೆ) 1.25 ಎಂದುಕೊಂಡರೆ, ಸಿ20ಗೆ ಸುಮಾರು 172 ಬರುತ್ತದೆ. ಅದನ್ನೇ ಹಾಕಿ. ಇದೇ ಲೆಕ್ಕದಲ್ಲಿ 56 ಆಂಪಿಯರ್ ಸತತ ಎಳೆದರೆ ನಿಮ್ಮ ಬ್ಯಾಟರಿ ಕೊಡುವುದು 108 ಎ.ಎಚ್. ಮಾತ್ರ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದರೆ ಪೂರ್ತಿ ವೇಗದಲ್ಲಿ ಒಂದು ಗಂಟೆಗೂ ಎರಡು ನಿಮಿಷ ಕಮ್ಮಿ. 40ಕ್ಕೆ ಇಳಿಸಿದರೆ ಹತ್ತಿರ ಹತ್ತಿರ ಒಂದೂವರೆ ಗಂಟೆ.

‘ಚಾರ್ಜ್ಡ್ ವೋಲ್ಟೇಜ್’ ಫ್ಯಾಕ್ಟರಿಯಿಂದ 26.4 ಇರುತ್ತದೆ. ಸೋಲಾರ್ ಇರುವ ದೋಣಿಗೆ ಇದು ಮೋಸ. ವೋಲ್ಟೇಜ್ 26.4 ದಾಟಿರುವಾಗ ಮೋಡ ಅಡ್ಡ ಬಂದು ಚಾರ್ಜ್ ಕರೆಂಟ್ 3 ನಿಮಿಷ ತಗ್ಗಿದರೆ, ಬ್ಯಾಟರಿ ತುಂಬಿತು ಎಂದು ಮಾನಿಟರ್ ಶೇ. 100ಕ್ಕೆ ಹಾರಿಬಿಡುತ್ತದೆ. ಚಾರ್ಜರ್ ಮತ್ತು ಎಂಪಿಪಿಟಿ ಎರಡೂ 28.8ಕ್ಕೆ ಏರುತ್ತವೆ ಎಂದಾದರೆ ಇದನ್ನು 28.4 ಮಾಡಿ. ಟೇಲ್ ಕರೆಂಟ್ (ತುಂಬಿತು ಎನ್ನಲು ಚಾರ್ಜ್ ಕರೆಂಟ್ ಇಳಿಯಬೇಕಾದ ಮಟ್ಟ) ಶೇ. 4, ಸಮಯ 3 ನಿಮಿಷ ಹಾಗೇ ಇರಲಿ. ವೈರ್ ಸರಿಪಡಿಸಿದ ಮೇಲೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಕೈಯಿಂದ ಸಿಂಕ್ (ಇದೇ ಶೇ. 100 ಎಂದು ಮಾನಿಟರ್‌ಗೆ ತಿಳಿಸುವುದು) ಒತ್ತಿ. ಅಲ್ಲಿಯವರೆಗೆ ತೋರಿಸುವ ಶೇಕಡಾವಾರಿಗೆ ಅರ್ಥವಿಲ್ಲ.

---

ತೂಬು

ವೈರಿಂಗ್ ಬಗ್ಗೆ ಮೇಲಿನವರು ಹೇಳಿದ ಮೇಲೆ ನನ್ನದೇನೂ ಇಲ್ಲ. ನೀರಿನ ವಿಷಯಕ್ಕೆ ಬರ್ತೀನಿ. ಒಂದೇ ಮಾತಿನಲ್ಲಿ ಹೇಳೋದಾದರೆ, ಸಿಲಿಕೋನ್ ಬಳಿದು ಮುಚ್ಚಿದ್ದಕ್ಕೇ ನೀರು ಒಳಗೆ ಬಂದಿರೋದು.

ಬೆಂಗಳೂರಿನ ಮೇ ತಿಂಗಳ ಮಧ್ಯಾಹ್ನ ನೆನಪಿಸಿಕೊಳ್ಳಿ. ಬಿಸಿಲಿಗೆ ಡಬ್ಬಿಯೊಳಗಿನ ಗಾಳಿ 50 ಡಿಗ್ರಿ ಆಗಿ ಹಿಗ್ಗಿ, ಎಲ್ಲಿಂದಲೋ ಸ್ವಲ್ಪ ಹೊರಗೆ ಹೋಗುತ್ತೆ. ನಾಲ್ಕು ಗಂಟೆಗೆ ಮಳೆ ಧೋ ಅಂತ ಸುರಿದು ಡಬ್ಬಿ ಒಮ್ಮೆಗೇ 25ಕ್ಕೆ ಇಳಿದರೆ ಒಳಗಿನ ಒತ್ತಡ ಶೇ. 7–8 ಕುಸಿಯುತ್ತೆ. ಈ ಊರಿನ ಎತ್ತರದಲ್ಲಿ ಅದು ಹೆಚ್ಚೂಕಡಿಮೆ 70 ಸೆಂ.ಮೀ. ನೀರಿನ ಕಂಬದಷ್ಟು ಎಳೆತ. ಕೇಬಲ್ ಒಳಗೆ ಹೋಗೋ ಗ್ಲ್ಯಾಂಡ್ ಸುತ್ತ ಕೂದಲೆಳೆ ಸಂದಿ ಇದ್ದರೂ, ಅದರ ಮೇಲೆ ನಿಂತ ಮಳೆನೀರು ಸಿರಿಂಜ್‌ನಲ್ಲಿ ಎಳೆದ ಹಾಗೆ ಒಳಗೆ. ಒಳಗೆ ಬಂದದ್ದು ಮತ್ತೆ ಹೊರಗೆ ಹೋಗಲ್ಲ, ಯಾಕಂದ್ರೆ ದಾರಿ ಇಲ್ಲ. ಬೆಳಗಿನ ಜಾವದ ತಂಪಿಗೆ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟಿ ಶಂಟ್ ಬೋರ್ಡಿನ ಮೇಲೇ ತೊಟ್ಟಿಕ್ಕುತ್ತೆ. ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ದಿನದ ಸಮಾಧಾನ, ಅಷ್ಟೇ.

ಡಬ್ಬಿಗೆ ಉಸಿರಾಡೋಕೆ ಬಿಡಿ. ಎಂ12 ಅಳತೆಯ ಬ್ರೀದರ್ ಪ್ಲಗ್ ಸಿಗುತ್ತೆ, ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಪೊರೆ ಇರೋದು. ಗಾಳಿ, ಆವಿ ದಾಟುತ್ತೆ, ನೀರು ದಾಟಲ್ಲ. ತಗೊಳ್ಳುವಾಗ ಎಣ್ಣೆ ಅಂಟದ ಪೊರೆ ಇರುವಂಥದ್ದನ್ನೇ ಕೇಳಿ. ಕೊಳಚೆ ಸೇರುವ ಕೆರೆಗಳಲ್ಲಿ ಸೋಪಿನ ಅಂಶ ಇರುತ್ತೆ, ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ದೇಶಕ್ಕೇ ಗೊತ್ತು. ಸೋಪು ನೀರಿನ ಮೇಲ್ಮೈ ಸೆಳೆತ ಕಡಿಮೆ ಮಾಡೋದರಿಂದ ಶುದ್ಧ ನೀರು ನುಗ್ಗದ ಸಂದಿಗೂ ಅದು ನುಗ್ಗುತ್ತೆ, ಸಾಧಾರಣ ಪೊರೆ ಒದ್ದೆಯಾಗಿ ಸೋರೋಕೆ ಶುರುವಾಗುತ್ತೆ. ಹಾಗಾಗಿ ಬ್ರೀದರ್ ಡಬ್ಬಿಯ ಕೆಳಮುಖದಲ್ಲಿ, ನೀರು ಸಿಡಿಯದ ಕಡೆ ಇರಬೇಕು.

ಗ್ಲ್ಯಾಂಡ್‌ಗಳೂ ಕೆಳಮುಖಕ್ಕೇ. ಫೋಟೋದಲ್ಲಿ ಒಂದೇ ಗ್ಲ್ಯಾಂಡಿನೊಳಗೆ ಎರಡು ಸಣ್ಣ ವೈರ್ ತೂರಿಸಿದ್ದಾರೆ. ಎರಡು ದುಂಡು ವೈರ್ ನಡುವೆ ಉಳಿಯೋ ತ್ರಿಕೋನದ ಸಂದಿಯನ್ನು ಒಂದೇ ತೂತಿನ ರಬ್ಬರ್ ಮುಚ್ಚಲ್ಲ. ಒಂದು ಗ್ಲ್ಯಾಂಡಿಗೆ ಒಂದೇ ಕೇಬಲ್, ಅದರ ದಪ್ಪಕ್ಕೆ ಸರಿಯಾದ ಅಳತೆ. ಪ್ರತಿ ಕೇಬಲ್ ಡಬ್ಬಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲೇರಲಿ, ಹರಿದು ಬಂದ ನೀರು ಆ ತಗ್ಗಿನಲ್ಲೇ ಉದುರುತ್ತೆ. ಇನ್ನೊಂದು ಕಣ್ಣಿಗೆ ಬೀಳದ ದಾರಿ ಇದೆ: ಎಳೆತಂತಿಯ ಕೇಬಲ್ ಒಳಗೇ, ಪ್ಲಾಸ್ಟಿಕ್ ಕೆಳಗೆ, ನೀರು ಬತ್ತಿಯಂತೆ ಏರುತ್ತೆ. ಲಗ್ ಕುತ್ತಿಗೆಗೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿದರೆ ಮಾತ್ರ ಅದು ನಿಲ್ಲೋದು.

ಇನ್ನು ಆ ಕಪ್ಪು ಬಣ್ಣ. ಮೂರನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಲಗ್ ಹಸಿರು ತಿರುಗಿಲ್ಲ, ಮಸಿ ಬಳಿದ ಹಾಗೆ ಕಪ್ಪಾಗಿದೆ, ಉಗುರು ಗೀರಿದ ಕಡೆ ಮಾತ್ರ ತಾಮ್ರದ ಕೆಂಪು ಮಿಂಚುತ್ತಿದೆ. ಇದು ಉಪ್ಪಿನ ಕೆಲಸ ಅಲ್ಲ. ಕೊಳಚೆ ಕೊಳೆತ ಕೆಸರಿನಿಂದ ಏಳೋ ಹೈಡ್ರೋಜನ್ ಸಲ್ಫೈಡ್, ಅದೇ ಕೊಳೆತ ಮೊಟ್ಟೆ ವಾಸನೆ, ತಾಮ್ರದ ಮೇಲೆ ಕಾಪರ್ ಸಲ್ಫೈಡ್ ಕಟ್ಟಿಸುತ್ತೆ. ಜೊಂಡಿನ ಬೇರು ಕಿತ್ತಾಗ ಗುಳ್ಳೆ ಗುಳ್ಳೆಯಾಗಿ ಎದ್ದು ಬರೋ ಗಾಳಿಯಲ್ಲೂ ಇದು ಇರುತ್ತೆ. ನಿಮ್ಮ ದೋಣಿಯ ಕೆಲಸವೇ ಅದನ್ನು ಕೆದಕೋದು. ಸಮುದ್ರದ ದೋಣಿಗೆ ಅಂತ ಬರೆದ ಪುಸ್ತಕದಲ್ಲಿ ಈ ಸಮಸ್ಯೆಗೆ ಅಷ್ಟು ಜಾಗ ಇರಲ್ಲ. ಐಪಿ 67 ಡಬ್ಬಿಯೂ ಇದನ್ನು ಪೂರ್ತಿ ತಡೆಯಲ್ಲ, ಆ ಅಂಕಿ ಹೇಳೋದು ಧೂಳು ಮತ್ತು ನೀರಿನ ಮಾತು, ಅನಿಲದ್ದಲ್ಲ.

ಮದ್ದು: ತವರ ಲೇಪಿಸಿದ ತಾಮ್ರದ ಕೇಬಲ್, ತವರ ಲೇಪಿಸಿದ ಲಗ್. ಈಗಿರುವ ಕಪ್ಪನ್ನು ಸ್ಕಾಚ್‌ಬ್ರೈಟ್‌ನಿಂದ ಉಜ್ಜಿ, ಒಣಗಿದ ಲೋಹಕ್ಕೆ ಒಣಗಿದ ಲೋಹ ಸೇರಿಸಿ ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಶಂಟ್‌ನ ಸರ್ಕ್ಯೂಟ್ ಬೋರ್ಡಿಗೆ ಅಕ್ರಿಲಿಕ್ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯೋ ತೆಳು ಲೇಪ) ಸ್ಪ್ರೇ ಎರಡು ಪದರ ಹೊಡೀಬಹುದು. ಆರ್‌ಜೆ12 ಸಾಕೆಟ್, ಸ್ಕ್ರೂ ಟರ್ಮಿನಲ್, ಬೋಲ್ಟ್ ಮೇಲೆ ಮೊದಲೇ ಟೇಪ್ ಅಂಟಿಸಬೇಕು. ವಾರಂಟಿ ಕೇಳೋ ಉದ್ದೇಶ ಇದ್ದರೆ ಸ್ಪ್ರೇ ಬೇಡ. ಆರ್‌ಜೆ12 ತುದಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ, ಈ ಟೆಲಿಫೋನ್ ಮಾದರಿ ಕನೆಕ್ಟರೇ ಇಡೀ ಸೆಟ್‌ನಲ್ಲಿ ಎಲ್ಲಕ್ಕಿಂತ ಬಡಪಾಯಿ. ಎಪಾಕ್ಸಿ ಸುರಿದು ಇಡೀ ಶಂಟ್ ಹೂಳುವವರಿದ್ದಾರೆ, ಆಮೇಲೆ ನಟ್ ಸಡಿಲವಾದರೆ ಬಿಗಿಯೋದು ಹೇಗೆ ಅಂತ ಅವರನ್ನೇ ಕೇಳಬೇಕು.

ನೀವು ಬಳಿದಿರೋ ಸಿಲಿಕೋನ್ ಮೂಸಿ ನೋಡಿ. ವಿನೆಗರ್ ವಾಸನೆ ಇದ್ದರೆ ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡೋ ಜಾತಿ, ಮುಚ್ಚಿದ ಡಬ್ಬಿಯಲ್ಲಿ ತಾಮ್ರ ತಿನ್ನೋಕೆ ಅದೂ ಕೈಜೋಡಿಸಿದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದು ತನ್ನಿ.

ಡಬ್ಬಿ ಪಾಲಿಕಾರ್ಬೊನೇಟ್ ಇರಲಿ. ಸ್ಟೀಲ್ ಅಥವಾ ಅಲ್ಯುಮಿನಿಯಂ ಹಾಕಬೇಡಿ. ಬಿಎಂವಿಯಲ್ಲಿ ಬ್ಲೂಟೂತ್ ಡಿಸ್‌ಪ್ಲೇ ಒಳಗಿರುತ್ತೆ, ಅದೇ ಕಂಪನಿಯ ಡಿಸ್‌ಪ್ಲೇ ಇಲ್ಲದ ಸ್ಮಾರ್ಟ್‌ಶಂಟ್‌ನಲ್ಲಿ ಶಂಟ್‌ನಲ್ಲೇ. ಲೋಹದ ಡಬ್ಬಿ ಸಿಗ್ನಲ್ ನುಂಗುತ್ತೆ. ಲೆಡ್ ಆಸಿಡ್ ಬ್ಯಾಟರಿ ಇರುವ ಪೆಟ್ಟಿಗೆಯ ಒಳಗೆ ಮಾತ್ರ ಶಂಟ್ ಡಬ್ಬಿ ಇಡಬೇಡಿ. ಚಾರ್ಜ್ ಕೊನೆಯಲ್ಲಿ ಬರೋ ಆಸಿಡ್ ಮಂಜು, ಹೈಡ್ರೋಜನ್ ಎರಡೂ ಅಲ್ಲೇ ತುಂಬಿರುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಶೇ. 4 ಮುಟ್ಟಿದರೆ ಒಂದು ಕಿಡಿ ಸಾಕು. ಪೆಟ್ಟಿಗೆಯ ಹೊರಗೆ, ಪಕ್ಕದ ಗೋಡೆಗೆ, ಆದಷ್ಟು ಎತ್ತರದಲ್ಲಿ.

ಡಿಸ್‌ಪ್ಲೇಗೆ 52 ಮಿ.ಮೀ. ತೂತು ಬೇಕು. ನೀರು ತಡೆಯೋದು ಅದರ ಮುಖ ಮಾತ್ರ, ಬೆನ್ನಲ್ಲ, ಹಿಂದಿನ ಕನೆಕ್ಟರ್‌ಗಳು ಬಯಲಲ್ಲಿ ಇರ್ತವೆ. ಪ್ಯಾನೆಲ್ ಹಿಂದೆ ನೀರು ಸಿಡಿಯುವ ಜಾಗ ಇದ್ದರೆ ಅಲ್ಲೂ ಒಂದು ಡಬ್ಬಿ ಬೇಕು. ಬಿಸಿಲು ನೇರ ಬೀಳದಂತೆ ಮೇಲೊಂದು ಕೊಡೆಯಂಥ ತಗಡು ಬಗ್ಗಿಸಿ ಹಾಕಿ. ಗಾಜಿನೊಳಗೆ ಮಂಜು ಬಂದಿರೋ ಈಗಿನ ಡಿಸ್‌ಪ್ಲೇಯನ್ನು ಬಿಚ್ಚಿ, ಒಣ ಅಕ್ಕಿ ಡಬ್ಬಿ ಪ್ರಯೋಗ ಬಿಟ್ಟು, ನೆರಳಲ್ಲಿ ಫ್ಯಾನ್ ಗಾಳಿಗೆ ಎರಡು ದಿನ ಇಡಿ. ಸೆಗ್ಮೆಂಟ್ ಬಿಟ್ಟುಹೋಗಿಲ್ಲ ಅಂದ್ರೆ ಉಳಿಯುತ್ತೆ.

---

ಕೆರೆಏರಿ

ಇಬ್ಬರಿಗೂ ಥ್ಯಾಂಕ್ಸ್. ಬಸ್‌ಬಾರ್ ಹಾಕಿ ಚಾರ್ಜರ್, ಪಂಪ್ ಮೈನಸ್ ಅದಕ್ಕೆ ತಂದ ಮೇಲೆ ಶೇ. 100 ಬರ್ತಿದೆ. ಸಿಲಿಕೋನ್‌ಗೆ ವಿನೆಗರ್ ವಾಸನೆ ಇದ್ದದ್ದು ನಿಜ, ಎಲ್ಲಾ ಕೆರೆದು ತೆಗೆಸಿದ್ದಾಯ್ತು.

ಎರಡು ಉಳಿದಿವೆ. ಮೇನ್ ಸ್ವಿಚ್ ಆಫ್ ಮಾಡಿ ದೋಣಿಗೆ ಟಾರ್ಪಾಲಿನ್ ಮುಚ್ಚಿ ನಿಲ್ಲಿಸಿದರೆ ಮಾನಿಟರ್ 0.00 ಆಂಪಿಯರ್, ಶೇ. 100 ಅಂತಾನೇ ಇರುತ್ತೆ, ಆದರೆ ಕೆಲವು ವಾರ ಬಿಟ್ಟು ಹೊರಟರೆ ಬ್ಯಾಟರಿ ನಿಜವಾಗಿ ಇಳಿದಿರುತ್ತೆ. ಜಿಪಿಎಸ್ ಟ್ರ್ಯಾಕರ್ ಒಂದಿದೆ, ಅದರ ಮೈನಸ್ ಈಗ ಬಸ್‌ಬಾರ್‌ನಲ್ಲೇ ಇದೆ. ಮತ್ತೆ, ಎರಡು ಬ್ಯಾಟರಿಗಳಲ್ಲಿ ಮೈನಸ್ ಕಡೆಯದ್ದು ಯಾವಾಗಲೂ ಮೊದಲು ಸೋಲುತ್ತೆ, ನೀರೂ ಅದೇ ಜಾಸ್ತಿ ಕೇಳುತ್ತೆ. ಹಾರ್ನ್ ಮತ್ತು ಎಲ್‌ಇಡಿ 12 ವೋಲ್ಟ್‌ನವು.

---

ಮಿಲಿವೋಲ್ಟ್

ಮೊದಲನೆಯದು ‘ಕರೆಂಟ್ ಥ್ರೆಶೋಲ್ಡ್’. ಫ್ಯಾಕ್ಟರಿಯಿಂದ 0.1 ಆಂಪಿಯರ್. ಅದಕ್ಕಿಂತ ಕಡಿಮೆ ಹರಿಯುವುದನ್ನು ಮಾನಿಟರ್ ಸೊನ್ನೆ ಎಂದೇ ಬರೆದುಕೊಳ್ಳುತ್ತದೆ. ಟ್ರ್ಯಾಕರ್ 80 ಮಿಲಿ ಆಂಪಿಯರ್ ತಿನ್ನುತ್ತಿದೆ ಎಂದುಕೊಳ್ಳಿ, ದಿನಕ್ಕೆ 1.9 ಎ.ಎಚ್., ತಿಂಗಳಿಗೆ 58. ಬ್ಯಾಟರಿಯ ಮೂರನೇ ಒಂದು ಭಾಗ ಹೋದರೂ ಪರದೆಯ ಮೇಲೆ ಶೇ. 100. ಥ್ರೆಶೋಲ್ಡ್ 0.02ಕ್ಕೆ ಇಳಿಸಿ. ಅದಕ್ಕೆ ಮುಂಚೆ ಝೀರೋ ಕ್ಯಾಲಿಬ್ರೇಷನ್ ಮಾಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಶಂಟ್‌ನ ಲೋಡ್ ಕಡೆಯ ಕೇಬಲ್ಲನ್ನೇ ಬಿಚ್ಚಿಟ್ಟು ಮಾಡಿ. ಟ್ರ್ಯಾಕರ್ ಓಡುತ್ತಿರುವಾಗ ಸೊನ್ನೆ ಒತ್ತಿದರೆ ಆ ಸೋರಿಕೆಯನ್ನೇ ಶಾಶ್ವತವಾಗಿ ಮುಚ್ಚಿಟ್ಟ ಹಾಗಾಗುತ್ತದೆ.

ಎರಡನೆಯದಕ್ಕೆ ಉತ್ತರ ನೀವೇ ಬರೆದಿದ್ದೀರಿ. ಹಾರ್ನ್, ಎಲ್‌ಇಡಿಗೆ 12 ವೋಲ್ಟನ್ನು ಎರಡು ಬ್ಯಾಟರಿಯ ನಡುವಿನಿಂದ ಎತ್ತಿದ್ದಾರೆ. ಕೆಳಗಿನ ಬ್ಯಾಟರಿ ಎರಡು ಕೆಲಸ ಮಾಡುತ್ತಿದೆ, ಚಾರ್ಜರ್ ಎರಡಕ್ಕೂ ಒಂದೇ ಕರೆಂಟ್ ಕೊಡುತ್ತದೆ. ಮೇಲಿನದು ತುಂಬಿ ಕುದಿಯುತ್ತದೆ, ಕೆಳಗಿನದು ತುಂಬುವುದೇ ಇಲ್ಲ. ನೀರು ಕೆಳಗಿನದೇ ಜಾಸ್ತಿ ಕುಡಿಯುತ್ತಿದ್ದರೆ ಅದರ ಒಂದು ಸೆಲ್ ಈಗಾಗಲೇ ಹೋಗಿರುವ ಸಾಧ್ಯತೆ ಇದೆ, ಹೈಡ್ರೋಮೀಟರ್‌ನಲ್ಲಿ ಆರೂ ಸೆಲ್ ನೋಡಿ. 24ರಿಂದ 12ಕ್ಕೆ ಇಳಿಸುವ 10 ಆಂಪಿಯರ್ ಡಿಸಿ-ಡಿಸಿ ಕನ್ವರ್ಟರ್ ಹಾಕಿ, ನಡುವಿನಿಂದ ಹಾರ್ನ್, ಎಲ್‌ಇಡಿಗೆ ಎತ್ತಿದ ವೈರ್ ಕಿತ್ತುಬಿಡಿ. ಬಿಎಂವಿ-712ರ ಆಕ್ಸಿಲಿಯರಿ ಇನ್‌ಪುಟ್ ಖಾಲಿ ಇದೆಯಲ್ಲ, ಆ ಮಧ್ಯದ ಬಿಂದುವಿನಿಂದ ಫ್ಯೂಸ್ ಹಾಕಿದ ಸಣ್ಣ ವೈರ್ ಅದಕ್ಕೆ ಕೊಟ್ಟು ‘ಮಿಡ್‌ಪಾಯಿಂಟ್’ ಆರಿಸಿ, ಶೇ. 2 ವ್ಯತ್ಯಾಸಕ್ಕೆ ಅಲಾರ್ಮ್ ಇಡಿ. ಬ್ಯಾಟರಿ ಬದಲಿಸುವಾಗ ಜೋಡಿಯಾಗಿಯೇ.

ಪರೀಕ್ಷೆ ಹೀಗೆ ಮಾಡಿ. ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು, ಅಗ್ಗದ ಕ್ಲ್ಯಾಂಪ್‌ಗಳು ಎ.ಸಿ. ಮಾತ್ರ ಅಳೆಯುತ್ತವೆ, ಕೊಳ್ಳುವಾಗ ಡಯಲ್ ನೋಡಿ. ಬ್ಯಾಟರಿ ಮೈನಸ್‌ನ ಆ ಒಂದೇ ಕೇಬಲ್‌ಗೆ ಕ್ಲ್ಯಾಂಪ್ ಹಾಕಿ, ಪಂಪ್, ಹಾರ್ನ್, ದೀಪ, ಮೋಟಾರ್ ಒಂದೊಂದಾಗಿ ಹಚ್ಚಿ. ಪ್ರತಿಯೊಂದಕ್ಕೂ ಮಾನಿಟರ್ ಅಲುಗಾಡಬೇಕು. ಚಾರ್ಜರ್‌ಗೂ ಸೋಲಾರ್‌ಗೂ ಮಾನಿಟರ್‌ನ ಅಂಕಿ ಪ್ಲಸ್ ಬರಬೇಕು. ಯಾವುದಕ್ಕೆ ಅಲುಗಾಡುವುದಿಲ್ಲವೋ ಅದರ ಮೈನಸ್ ಇನ್ನೂ ತಪ್ಪು ಕಡೆ ಇದೆ. ಕ್ಲ್ಯಾಂಪ್ ಇಲ್ಲದಿದ್ದರೆ ಮಲ್ಟಿಮೀಟರ್ ಮಿಲಿವೋಲ್ಟ್‌ನಲ್ಲಿಟ್ಟು ಶಂಟ್‌ನ ಎರಡು ಹಿತ್ತಾಳೆ ತುಂಡಿಗೆ ಮುಟ್ಟಿಸಿ, 1 ಮಿಲಿವೋಲ್ಟ್ ಅಂದರೆ 10 ಆಂಪಿಯರ್. ಮೋಟಾರ್ 40ರಲ್ಲಿ ಓಡುವಾಗ ಒಂದು ಮೊನೆ ಲಗ್‌ಗೆ, ಇನ್ನೊಂದು ಅದರ ಕೆಳಗಿನ ಹಿತ್ತಾಳೆಗೆ ಮುಟ್ಟಿಸಿ ನೋಡಿ. ಅಲ್ಲಿ 1 ಮಿಲಿವೋಲ್ಟ್ ದಾಟಿದರೆ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ.

---

ಎಂಟು ಸೆಲ್

ಎಲ್‌ಎಫ್‌ಪಿ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಅದೇ ಬಿಎಂವಿ, ಅದೇ ಶಂಟ್ ಸಾಕು. ಅಷ್ಟೇ ಅಲ್ಲ, ಎಲ್‌ಎಫ್‌ಪಿಗೆ ಹೋದ ಮೇಲೆ ಶಂಟ್ ಇಲ್ಲದೆ ನಡೆಯುವುದೇ ಇಲ್ಲ. ಶೇ. 40ಕ್ಕೂ 70ಕ್ಕೂ ಸೆಲ್ ಹೆಚ್ಚೂಕಡಿಮೆ 3.3 ವೋಲ್ಟೇ ತೋರಿಸುತ್ತದೆ. ವೋಲ್ಟ್‌ಮೀಟರ್ ನೋಡಿ ಹೊರಟವರು ಕೆರೆ ನಡುವೆ ಹುಟ್ಟು ಹಾಕಬೇಕಾಗುತ್ತದೆ. (ಲಿಥಿಯಂ ಎಂದರೆ ಎಲ್ಲ ಒಂದಲ್ಲ. ಕೊಚ್ಚಿ ವಾಟರ್ ಮೆಟ್ರೊ ದೋಣಿಗಳಲ್ಲಿ ಇರುವುದು ಎಲ್‌ಟಿಒ (ಲಿಥಿಯಂ ಟೈಟನೇಟ್), ಅದರ ಅಂಕಿಗಳನ್ನು ಇಲ್ಲಿಗೆ ತರಬೇಡಿ.)

8 ಸೆಲ್, 25.6 ವೋಲ್ಟ್ ಪ್ಯಾಕ್‌ಗೆ: ಚಾರ್ಜರ್ 28.4ಕ್ಕೆ ನಿಲ್ಲಲಿ, ಮಾನಿಟರ್‌ನಲ್ಲಿ ಚಾರ್ಜ್ಡ್ ವೋಲ್ಟೇಜ್ 28.0. ಪ್ಯೂಕರ್ಟ್ 1.05, ಚಾರ್ಜ್ ದಕ್ಷತೆ ಶೇ. 99. ಎಣಿಕೆಯ ಸಣ್ಣ ತಪ್ಪು ದಿನದಿನ ಸೇರುತ್ತಾ ಹೋಗುವುದರಿಂದ ವಾರಕ್ಕೊಮ್ಮೆ ಪೂರ್ತಿ ತುಂಬಿಸಿ ಸಿಂಕ್ ಆಗಲು ಬಿಡಿ. ಟ್ಯೂಬ್ಯುಲರ್‌ಗೆ ಇದ್ದ ಚಾರ್ಜರ್‌ನಲ್ಲಿ ಈಕ್ವಲೈಸ್ (ಬೇಕೆಂದೇ ಹೆಚ್ಚು ವೋಲ್ಟೇಜ್ ಕೊಡುವ) ಮೋಡ್ ಇದ್ದರೆ ಅದನ್ನು ಆಫ್ ಮಾಡಿ, ಆಫ್ ಮಾಡಲಾಗದಿದ್ದರೆ ಆ ಚಾರ್ಜರ್ ಬಳಸಲೇಬೇಡಿ. ಮೇನ್ ಫ್ಯೂಸ್ ಎಎನ್‌ಎಲ್ ಬದಲು ಕ್ಲಾಸ್ ಟಿ. ಎಲ್‌ಎಫ್‌ಪಿ ಶಾರ್ಟ್ ಆದರೆ ಬರುವ ಕರೆಂಟ್ ಭಾರಿ, ಕ್ಲಾಸ್ ಟಿ ಫ್ಯೂಸ್ 20,000 ಆಂಪಿಯರ್‌ವರೆಗೆ ಮುರಿಯಬಲ್ಲದು.

ಮಾರುಕಟ್ಟೆಯ ಸಾಧಾರಣ ಬಿಎಂಎಸ್‌ಗಳು (ಸೆಲ್‌ಗಳನ್ನು ಕಾಯುವ ಬೋರ್ಡ್) ಮೈನಸ್ ಕಡೆ ಕಡಿಯುತ್ತವೆ. ಕ್ರಮ ಹೀಗೆ: ಸೆಲ್ ಮೈನಸ್, ಬಿಎಂಎಸ್‌ನ ಬಿ ಮೈನಸ್, ಪಿ ಮೈನಸ್, ಆಮೇಲೆ ಶಂಟ್‌ನ ಬ್ಯಾಟರಿ ಕಡೆ. ಶಂಟನ್ನು ಸೆಲ್‌ಗೂ ಬಿಎಂಎಸ್‌ಗೂ ನಡುವೆ ತೂರಿಸಿದರೆ ಬಿಎಂಎಸ್‌ನ ಸೆಲ್ ಅಳತೆಗೆ ಶಂಟ್‌ನ ಮಿಲಿವೋಲ್ಟ್ ಸೇರಿಕೊಳ್ಳುತ್ತದೆ. ಸರಿಯಾದ ಕ್ರಮದಲ್ಲೂ ಒಂದು ಕೊಕ್ಕೆ ಇದೆ. ಬಿಎಂಎಸ್ ಕಡಿದ ಕ್ಷಣ ಮಾನಿಟರ್‌ನ ಮೈನಸ್ಸೂ ಹೋಗುತ್ತದೆ, ಮಾನಿಟರ್ ಆರುತ್ತದೆ. ಬಿಎಂಎಸ್ ಮತ್ತೆ ಸೇರಿಸಿದಾಗ, ರೀಸೆಟ್ ಆದ ಮೇಲಿನ ಚಾರ್ಜ್ ಮಟ್ಟದ ಸೆಟ್ಟಿಂಗ್ ಶೇ. 100 ಎಂದಿದ್ದರೆ, ಬರಿದಾದ ಬ್ಯಾಟರಿಯ ಮೇಲೆ ಶೇ. 100 ಎಂದು ಬೆಳಗುತ್ತದೆ! ಆ್ಯಪ್‌ನಲ್ಲಿ ‘ಹಿಂದಿನದನ್ನೇ ಉಳಿಸು’ ಎಂಬರ್ಥದ ಆಯ್ಕೆಗೆ ಬದಲಿಸಿ. ಹಳೇ ಫರ್ಮ್‌ವೇರ್‌ನಲ್ಲಿ ಇದಕ್ಕೆ ‘ಸ್ಟಾರ್ಟ್ ಸಿಂಕ್ರೊನೈಸ್ಡ್’ ಎಂದಿರುತ್ತದೆ, ಅದನ್ನು ಆಫ್ ಮಾಡಿ.

ಬಿಎಂಎಸ್ ಕಡಿಯುವವರೆಗೆ ಕಾಯದಿರಲು ಬಿಎಂವಿಯ ರಿಲೇ ಬಳಸಿ. ಅದರ ಕಾಂಟ್ಯಾಕ್ಟ್ 1 ಆಂಪಿಯರ್ ತಾಳುತ್ತದೆ, 24 ವೋಲ್ಟ್ ಬಜರ್ ಒಂದಕ್ಕೆ ಸಾಕು, ಮೋಟಾರ್ ಕಡಿಯಲು ಅಲ್ಲ. ಫ್ಯಾಕ್ಟರಿಯಲ್ಲಿ ಶೇ. 50ಕ್ಕೆ ಆನ್, 90ಕ್ಕೆ ಆಫ್ ಎಂದಿರುತ್ತದೆ. ಹಾಗೇ ಬಿಟ್ಟರೆ ಅರ್ಧ ದಾರಿಯಿಂದ ದಡದವರೆಗೂ ಕಿರುಚುತ್ತಲೇ ಇರುತ್ತದೆ, ಮಾರನೇ ದಿನ ಓಡಿಸುವವರು ಬಜರ್ ವೈರ್ ಕತ್ತರಿಸಿರುತ್ತಾರೆ. ಎಲ್‌ಎಫ್‌ಪಿಗೆ ಶೇ. 30ಕ್ಕೆ ಆನ್, 35ಕ್ಕೆ ಆಫ್ ಇಡಿ.

ಡೇಟಾ ಎತ್ತಿ ಇಎಸ್‌ಪಿ32 ಎಂಬ ಸಣ್ಣ ಕಂಟ್ರೋಲರ್ ಬೋರ್ಡಿಗೆ ಕೊಡುವ ಯೋಚನೆ ಇದ್ದರೆ: ಮಾನಿಟರ್‌ನ ವಿಇ.ಡೈರೆಕ್ಟ್ ಡೇಟಾ ಪೋರ್ಟ್ 3.3 ವೋಲ್ಟ್, 19200 ಬಾಡ್. ಅದರ ಗ್ರೌಂಡ್ ಶಂಟ್‌ನ ಬ್ಯಾಟರಿ ಕಡೆಯದು. ಇಎಸ್‌ಪಿ32ಗೆ ಬಸ್‌ಬಾರ್ ಕಡೆಯಿಂದ ವಿದ್ಯುತ್ ಕೊಟ್ಟು ಈ ಗ್ರೌಂಡನ್ನೂ ಸೇರಿಸಿದರೆ ಶಂಟ್‌ಗೆ ಸಮಾಂತರವಾಗಿ ಇನ್ನೊಂದು ದಾರಿ ಹುಟ್ಟುತ್ತದೆ, ಶಂಟ್‌ನ ನಟ್ ಸಡಿಲವಾದ ದಿನ ಮೋಟಾರ್ ಕರೆಂಟ್ ಆ ಸಣ್ಣ ವೈರಿನಲ್ಲಿ ಹರಿಯಲು ನೋಡುತ್ತದೆ. ನಡುವೆ ಐಸೊಲೇಟರ್ ಚಿಪ್ ಅಥವಾ ಆಪ್ಟೋಕಪ್ಲರ್ ಇರಲೇಬೇಕು.